ಎಂಜಿನ್ ಬದಲಾಯಿಸಿದ ಕಾರಿಗೆ ಎ.ಸಿ. ಕೂರಿಸೋದು: ಯಾವ ಕಂಪ್ರೆಸರ್, ಪೈಪ್ ಹೇಗೆ, ವೈರಿಂಗ್ ಹೇಗೆ?

ನೀಲಿ ಬಾನೆಟ್:

ಎಲ್ಲರಿಗೂ ನಮಸ್ಕಾರ. ನನ್ನ ಹಳೇ ಸೆಡಾನ್‌ಗೆ ಎಂಜಿನ್ ಬದಲಾಯಿಸಿದ್ದೇನೆ. ಮೊದಲು ಇದ್ದದ್ದು 1.6 ಲೀಟರಿನ ನಾಲ್ಕು ಸಿಲಿಂಡರ್. ಈಗ ಕೂತಿರುವುದು ಬೇರೆ ಕಂಪನಿಯ 2.5 ಲೀಟರಿನ ಆರು ಸಿಲಿಂಡರ್. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್, ಸೈಲೆನ್ಸರ್ ಎಲ್ಲ ಆಯ್ತು. ಗಾಡಿ ಚೆನ್ನಾಗಿ ಓಡುತ್ತಿದೆ. ಎ.ಸಿ. ಒಂದು ಬಾಕಿ.

ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ (ಗಾಳಿ ತಣ್ಣಗಾಗುವ ಜಾಗ), ಅದಕ್ಕೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್, ಬ್ಲೋವರ್ ಎಲ್ಲ ಕಾರಿನ ಜೊತೆ ಬಂದದ್ದೇ. ಅದಕ್ಕೆ ಇನ್ನೂ ಕೈ ಹಚ್ಚಿಲ್ಲ. ಮುಂದೆ, ಗ್ಯಾಸಿನ ಬಿಸಿ ಹೊರಹಾಕುವ ಹಳೇ ಕಂಡೆನ್ಸರ್ ಇದೆ, ಒಂದೇ ಟ್ಯೂಬನ್ನು ಮಡಚಿ ಮಡಚಿ ಮಾಡಿದ ನಮೂನೆಯದು. ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ 'ಆರ್-12, 800 ಗ್ರಾಂ' ಅಂತಿದೆ, ಅಂದರೆ ಎ.ಸಿ. ಗ್ಯಾಸಿನ ಬಗೆ ಮತ್ತು ತೂಕ. ಹೊಸ ಎಂಜಿನ್ ಜೊತೆ ಅದರದೇ ಕಂಪ್ರೆಸರ್ (ಗ್ಯಾಸ್ ಒತ್ತಿ ಸುತ್ತಿಸುವ ಪಂಪ್) ಬಂದಿದೆ. ಅದು ಎಂಜಿನ್ನಿನ ಕೆಳಗಡೆ, ಬಲಕ್ಕೆ ಕೂರಬೇಕು. ಆದರೆ ಅಲ್ಲಿ ಕಾರಿನ ಕ್ರಾಸ್ ಮೆಂಬರ್, ಅಂದರೆ ಅಡ್ಡ ತೊಲೆ ಇದೆ. ಹಿಂದಿನ ಬೋಲ್ಟ್ ತೂರಿಸುವುದಕ್ಕೂ ಜಾಗವಿಲ್ಲ. ಹಳೇ ಎಂಜಿನ್ನಿನ ಕಂಪ್ರೆಸರ್ ಶೆಡ್ಡಿನಲ್ಲಿ ಬಿದ್ದಿದೆ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತೆ.

ಯಾವ ಕಂಪ್ರೆಸರ್ ಹಾಕಲಿ? ಎರಡು ಕಡೆಯ ಪೈಪಿನ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ, ಏನು ಮಾಡೋದು? ಕಾರಿನ ಎ.ಸಿ. ಸ್ವಿಚ್ ಒತ್ತಿದ್ದು ಹೊಸ ಇಸಿಯುಗೆ (ಎಂಜಿನ್ನಿನ ಕಂಪ್ಯೂಟರ್) ಗೊತ್ತಾಗೋದು ಹೇಗೆ? ಗ್ಯಾಸ್ ಎಷ್ಟು? ಮಾಡಿ ಗೊತ್ತಿರುವವರು ಹೇಳಿ.

ಸ್ಪ್ಯಾನರ್ ಸೆಟ್:

ಗ್ಲಾಸ್ ಇಳಿಸಿಕೊಂಡು ಓಡಿಸಿ ಗುರು, ಪೆಟ್ರೋಲೂ ಉಳಿಯುತ್ತೆ.

ಸುಮ್ನೆ ಹೇಳಿದೆ. ತಣ್ಣನೆ ಗಾಳಿ ಸರ್ ಬರಲಿ ತಾಳಿ, ಇದು ಅವರ ಕ್ಷೇತ್ರ.

ತಣ್ಣನೆ ಗಾಳಿ:

ಬಂದೆ. ನೀಲಿ ಬಾನೆಟ್ ಅವರೇ, ಇಂಥ ಕೆಲಸದಲ್ಲಿ ನಾನು ಯಾವಾಗಲೂ ಹೇಳುವುದು ಒಂದೇ. ಎಂಜಿನ್ ಕಡೆಯದು ಎಂಜಿನ್ನಿನದೇ ಇರಲಿ. ಒಳಗಡೆಯದು ಕಾರಿನದೇ ಇರಲಿ. ನಡುವಿನದನ್ನು ಮಾತ್ರ ನೀವು ಮಾಡಿಸಿ. ಅಂದರೆ ಕಂಪ್ರೆಸರ್, ಅದರ ಬೆಲ್ಟ್, ಪುಲ್ಲಿ ಎಲ್ಲ ಹೊಸ ಎಂಜಿನ್ನಿಗೆ ಸೇರಿದ್ದು. ಕೂಲಿಂಗ್ ಕಾಯಿಲ್, ವಾಲ್ವ್, ಬ್ಲೋವರ್ ಕಾರಿನದು. ಕಂಡೆನ್ಸರ್, ತೇವ ಹೀರುವ ಡ್ರೈಯರ್, ಹೋಸ್ ಪೈಪ್ ಇವು ಮೂರು ಹೊಸದಾಗಿ ಬರಬೇಕು. ಗ್ಯಾಸ್‌ಗೆ ಯಾವ ಕಂಪನಿಯ ಎಂಜಿನ್, ಯಾವ ಕಂಪನಿಯ ಕಾರು ಅನ್ನೋದು ಬೇಕಾಗಿಲ್ಲ. ಸುತ್ತು ಪೂರ್ತಿಯಾಗಿರಬೇಕು, ಒಳಗೆ ಗಾಳಿ, ನೀರು, ಕಸ ಇರಬಾರದು, ಅಷ್ಟೇ.

ಹಳೇ ಕಂಪ್ರೆಸರ್ ಆಸೆ ಬಿಡಿ. ಅದು ಆರ್-12 ಕಾಲದ್ದು, ಒಳಗೆ ಮಿನರಲ್ ಆಯಿಲ್ ಇರುತ್ತದೆ. ಈಗ ನೀವು ತುಂಬಿಸುವುದು ಅದರ ಬದಲಿಗೆ ಬಂದ ಆರ್-134ಎ ಗ್ಯಾಸ್. ಮಿನರಲ್ ಆಯಿಲ್ ಇದರ ಜೊತೆ ಬೆರೆಯುವುದಿಲ್ಲ. ಗ್ಯಾಸ್ ಸುತ್ತುತ್ತಿರುತ್ತದೆ, ಎಣ್ಣೆ ಎಲ್ಲೋ ಒಂದು ಮೂಲೆಯಲ್ಲಿ ನಿಂತುಬಿಡುತ್ತದೆ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. 134ಎಗೆ ಪಿಎಜಿ ಅಥವಾ ಎಸ್ಟರ್ ಅನ್ನೋ ಸಿಂಥೆಟಿಕ್ ಎಣ್ಣೆ ಬೇಕು. ಓಜೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತಲ್ಲ, ಆಮೇಲೆ ಆರ್-12 ಹಿಂದೆ ಸರಿದು 1990ರ ದಶಕದಲ್ಲಿ ಕಾರು ಕಂಪನಿಗಳೆಲ್ಲ 134ಎಗೆ ಬಂದವು. ಆದ್ದರಿಂದ ನಿಮ್ಮ ಕಾರಿನ ರಬ್ಬರ್ ಪೈಪ್‌ಗಳೂ ಬೇಡ. 134ಎ ಅಣು ಚಿಕ್ಕದು, ಹಳೇ ರಬ್ಬರ್‌ನಲ್ಲಿ ನಿಧಾನಕ್ಕೆ ಜಿನುಗಿ ಹೋಗುತ್ತದೆ. ಒಳಗೆ ನೈಲಾನ್ ಪದರ ಇರುವ ಬ್ಯಾರಿಯರ್ ಹೋಸ್ ತಗೊಳ್ಳಿ. ಓ-ರಿಂಗ್ ಎಲ್ಲ ಬದಲಾಯಿಸಿ, ಎಚ್‌ಎನ್‌ಬಿಆರ್ ರಬ್ಬರಿನವು, ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಬರುತ್ತವೆ.

ಕಂಡೆನ್ಸರ್ ಬಗ್ಗೆ ಯೋಚನೆಯೇ ಬೇಡ, ಬದಲಾಯಿಸಿ. ಚಪ್ಪಟೆ ಟ್ಯೂಬ್‌ಗಳು ಅಕ್ಕಪಕ್ಕ ಸಾಲಾಗಿರುವ ಪ್ಯಾರಲಲ್ ಫ್ಲೋ ಕಂಡೆನ್ಸರ್ ಹಾಕಿ. ಅದೇ ಜಾಗದಲ್ಲಿ ಜಾಸ್ತಿ ಬಿಸಿ ಹೊರಗೆ ಹಾಕುತ್ತದೆ. 134ಎಗೆ ಕಂಡೆನ್ಸರ್ ಕೆಲಸ ಆರ್-12ಗಿಂತ ಜಾಸ್ತಿ. ಎದುರಿಗಿರುವ ಜಾಗ ಅಳೆದು, ಹಿಡಿಯುವಷ್ಟು ದೊಡ್ಡದು ತನ್ನಿ. ಬಳಸಿದ ಪ್ಯಾರಲಲ್ ಫ್ಲೋ ಮಾತ್ರ ತರಬೇಡಿ. ಅದರ ಸಣ್ಣ ಸಣ್ಣ ದಾರಿಗಳಲ್ಲಿ ಕಸ ಕೂತರೆ ಫ್ಲಶ್ ಮಾಡಿ ತೆಗೆಯಲು ಆಗುವುದಿಲ್ಲ.

ಡ್ರೈಯರ್ ಬಾಟಲ್ ಹೊಸದು, 134ಎಗೆ ಹೊಂದುವ ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಮಣಿ ಇರುವಂಥದ್ದು. ಅದರ ಮುಚ್ಚಳ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಉಳಿದೆಲ್ಲ ಜೋಡಿಸಿ ವ್ಯಾಕ್ಯೂಮ್ ಪಂಪ್ ರೆಡಿ ಇಟ್ಟುಕೊಂಡ ಮೇಲೆ ಅದನ್ನು ಸೇರಿಸಿ. ಮುಚ್ಚಳ ತೆಗೆದು ಇಟ್ಟ ಡ್ರೈಯರ್ ಗಾಳಿಯ ತೇವ ಹೀರಿಕೊಂಡು ಆಗಲೇ ತುಂಬಿಹೋಗಿರುತ್ತದೆ.

ಬೆಲ್ಟು ಪುಲ್ಲಿ:

ತಣ್ಣನೆ ಗಾಳಿ ಸರ್ ಹೇಳಿದ್ದು ಒಪ್ಪುತ್ತೇನೆ, ಒಂದು ತಿದ್ದುಪಡಿ. ಎಂಜಿನ್ನಿನ ಕಂಪ್ರೆಸರ್ ಕೂರದೇ ಇದ್ದರೆ ಅದನ್ನೇ ಇಟ್ಟುಕೊಂಡು ಕ್ರಾಸ್ ಮೆಂಬರ್ ಕತ್ತರಿಸಲು ಹೋಗಬೇಡಿ. ಸ್ಟೀರಿಂಗ್, ಸಸ್ಪೆನ್ಶನ್ ಎಲ್ಲ ಅದರ ಮೇಲೆ ನಿಂತಿದೆ. ಜಿಎಂ ಕಂಪನಿಯ ಎಲ್‌ಎಸ್ ವಿ8 ಎಂಜಿನ್ ಹಾಕುವವರಿಗೆ ಇದು ಹಳೇ ಗೋಳು. ಅದರಲ್ಲೂ ಕಂಪ್ರೆಸರ್ ಬಲಗಡೆ ಕೆಳಕ್ಕೆ ಇರುತ್ತದೆ, ಹಳೇ ಗಾಡಿಗಳ ಫ್ರೇಮಿಗೆ ನೇರ ತಾಗುತ್ತದೆ. ಅವರು ಬೇರೆ ಬ್ರಾಕೆಟ್ ಹಾಕಿ ಕಂಪ್ರೆಸರನ್ನು ಮೇಲಕ್ಕೆ ತರುತ್ತಾರೆ. ಅದೇ ಎಂಜಿನ್ನಿನಲ್ಲಿ ಕ್ರ್ಯಾಂಕ್ ಪುಲ್ಲಿ ಎಷ್ಟು ಮುಂದೆ ಇರುತ್ತದೆ ಅನ್ನುವುದರಲ್ಲೂ ಮೂರು ಬಗೆ. ಕಾರ್ವೆಟ್‌ದು ಎಲ್ಲಕ್ಕಿಂತ ಒಳಗೆ, ಕಮಾರೋದು ನಡುವೆ, ಟ್ರಕ್‌ದು ಎಲ್ಲಕ್ಕಿಂತ ಮುಂದೆ. ಒಂದರ ಬ್ರಾಕೆಟ್ ಇನ್ನೊಂದಕ್ಕೆ ಹಾಕಿದರೆ ಬೆಲ್ಟ್ ಸಾಲು ತಪ್ಪುತ್ತದೆ. ನಿಮ್ಮ ಎಂಜಿನ್ನಿಗೂ ಇಂಥ ಬೇರೆ ಬೇರೆ ಆವೃತ್ತಿ ಇದೆಯಾ ನೋಡಿ. ಅದೇ ಎಂಜಿನ್ ಇರುವ ಇನ್ನೊಂದು ಮಾಡೆಲ್‌ನಲ್ಲಿ ಕಂಪ್ರೆಸರ್ ಬೇರೆ ಕಡೆ ಇರಬಹುದು. ಹಾಗಿದ್ದರೆ ಕಂಪನಿಯ ಬ್ರಾಕೆಟ್ಟೇ ಸಿಗುತ್ತದೆ, ಅರ್ಧ ತಲೆನೋವು ಹೋಯ್ತು.

ಸಿಗದಿದ್ದರೆ ಸ್ಯಾಂಡೆನ್ 5ಎಚ್14 ಅಥವಾ 7ಎಚ್15 ನಮೂನೆಯ ಕಂಪ್ರೆಸರ್ ನೋಡಿ. ಮೊದಲನೆಯದು ಒಂದು ಸುತ್ತಿಗೆ 138 ಸಿಸಿ, ಎರಡನೆಯದು 155 ಸಿಸಿ. ಬೋಲ್ಟ್ ಹಾಕುವ ಕಿವಿಗಳ ಅಳತೆ ಸ್ಟ್ಯಾಂಡರ್ಡ್, ಹಿಂದಿನ ಪೈಪ್ ತುದಿಗಳು ಮೇಲಕ್ಕೆ ಇರುವಂಥದ್ದು, ಹಿಂದಕ್ಕೆ ಇರುವಂಥದ್ದು ಎರಡೂ ಸಿಗುತ್ತವೆ. ಎಷ್ಟು ಓರೆಯಾಗಿ ಕೂರಿಸಬಹುದು ಅಂತ ತಯಾರಕರ ಕಾಗದದಲ್ಲಿ ಇರುತ್ತದೆ, ಅದನ್ನು ಮೀರಿದರೆ ಎಣ್ಣೆ ಸರಿಯಾದ ಜಾಗದಲ್ಲಿ ನಿಲ್ಲುವುದಿಲ್ಲ.

ಈಗ ಬ್ರಾಕೆಟ್. ಜನ ಇಲ್ಲೇ ಕೈ ಸಡಿಲ ಮಾಡುವುದು. ಎರಡು ಎಲ್ ಪಟ್ಟಿ ವೆಲ್ಡ್ ಮಾಡಿ, ಸಂದಿಗೆ ವಾಷರ್ ತುಂಬಿ ಬಿಗಿದುಬಿಡುತ್ತಾರೆ. ಕಂಪ್ರೆಸರ್‌ನ ಕ್ಲಚ್ (ಪುಲ್ಲಿಯನ್ನು ಶಾಫ್ಟ್‌ಗೆ ಹಿಡಿಸುವ, ಕರೆಂಟಿನಲ್ಲಿ ನಡೆಯುವ ತಟ್ಟೆ) ಕೂತಾಗಲೆಲ್ಲ ಒಂದು ಹೊಡೆತ ಬೀಳುತ್ತದೆ, ಜೊತೆಗೆ ಎಂಜಿನ್ ನಡುಕ. ಪಟ್ಟಿ ಬಾಗುತ್ತದೆ, ಬಿರುಕು ಬಿಡುತ್ತದೆ. ಒಂದೇ ದಪ್ಪ ಪ್ಲೇಟ್, 10 ಮಿಲಿಮೀಟರ್ ಉಕ್ಕು, ಎಂಜಿನ್ ಬ್ಲಾಕಿನಲ್ಲಿ ಮೂರು ಬೋಲ್ಟ್ ಹಿಡಿಯಬೇಕು. ಕಂಪ್ರೆಸರ್‌ಗೆ ಹಿಂದಿನ ಕಡೆಯೂ ಆಸರೆ ಬೇಕು. ಸಂದಿಗೆ ಲೇತ್‌ನಲ್ಲಿ ತಿರುವಿದ ಬುಷ್ ಹಾಕಿ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಆಮೇಲೆ ಪ್ಲೈವುಡ್‌ನಲ್ಲಿ ಮಾಡಿ ಬೋಲ್ಟ್ ಹಾಕಿ ನೋಡಿ, ಕೊನೆಗೆ ಉಕ್ಕು.

ಪುಲ್ಲಿ ಸಾಲು 1 ಮಿಲಿಮೀಟರ್ ಒಳಗೆ ಬರಬೇಕು. ಉದ್ದಕ್ಕೂ ಗೆರೆಗಳಿರುವ ಚಪ್ಪಟೆ ಪಿಕೆ ಬೆಲ್ಟಿನ ಒಂದು ಗೆರೆಯಿಂದ ಇನ್ನೊಂದು ಗೆರೆಗೆ 3.56 ಮಿಲಿಮೀಟರ್. ಕ್ರ್ಯಾಂಕ್ ಪುಲ್ಲಿ 6 ಗೆರೆಯದು, ಕಂಪ್ರೆಸರ್ 7 ಗೆರೆಯದು ಇದ್ದರೂ ನಡೆಯುತ್ತದೆ, ಆದರೆ ಅಂಚು ನೋಡಿ ಕೂರಿಸಬೇಡಿ, ಗೆರೆ ನೋಡಿ ಕೂರಿಸಿ. ಉದ್ದನೆಯ ನೇರ ಪಟ್ಟಿಯನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒತ್ತಿಹಿಡಿದು ಕಂಪ್ರೆಸರ್ ತನಕ ತನ್ನಿ. ಪುಲ್ಲಿ ಹಿಂದೆ ಮುಂದೆ ಇರುವುದು ಒಂದು ಕಡೆ, ಓರೆ ತಿರುಗಿರುವುದು ಇನ್ನೊಂದು. ಎರಡನ್ನೂ ನೋಡಬೇಕು. ಓರೆ ಇದ್ದರೆ ಬೆಲ್ಟ್ ಕೀಚ್ ಅನ್ನುತ್ತದೆ, ಟೆನ್ಶನ್ ಎಷ್ಟು ಜಾಸ್ತಿ ಮಾಡಿದರೂ ಸದ್ದು ಹೋಗಲ್ಲ.

ನಿಮ್ಮ ಕ್ರ್ಯಾಂಕ್ ಪುಲ್ಲಿ ಎಷ್ಟು ಅಗಲ? ಎಂಜಿನ್ ಎಷ್ಟು ಆರ್‌ಪಿಎಂ ತನಕ ಹೋಗುತ್ತೆ?

ನೀಲಿ ಬಾನೆಟ್:

ಬಹಳ ಉಪಯೋಗ ಆಯ್ತು ಸರ್. ಕ್ರ್ಯಾಂಕ್ ಪುಲ್ಲಿ 165 ಮಿಲಿಮೀಟರ್. ಎಂಜಿನ್ 6800ರ ತನಕ ಹೋಗುತ್ತದೆ. ನೋಡಿಟ್ಟಿರುವ 7ಎಚ್15ನ ಪುಲ್ಲಿ 120.

ಬೆಲ್ಟು ಪುಲ್ಲಿ:

165ನ್ನು 120ರಿಂದ ಭಾಗಿಸಿ, 1.375. ಎಂಜಿನ್ 6800 ತಿರುಗಿದಾಗ ಕಂಪ್ರೆಸರ್ 9350 ತಿರುಗುತ್ತದೆ. ಅದು ತುಂಬಾ ಜಾಸ್ತಿ. ಐಡ್ಲಿಂಗ್‌ನಲ್ಲಿ 750 ಅಂದರೆ ಅಲ್ಲಿ 1030, ಅದು ಚೆನ್ನಾಗಿದೆ. ಕಂಪ್ರೆಸರ್‌ಗೆ ದೊಡ್ಡ ಪುಲ್ಲಿ ಹಾಕಿದರೆ ಮೇಲಿನದು ಸರಿಹೋಗುತ್ತದೆ, ಐಡ್ಲಿಂಗ್‌ನಲ್ಲಿ ಕೂಲಿಂಗ್ ಕಮ್ಮಿಯಾಗುತ್ತದೆ. ನನ್ನ ಪ್ರಕಾರ ಪುಲ್ಲಿ ಹಾಗೇ ಇರಲಿ. ಕ್ಲಚ್ ಬಿಟ್ಟಾಗ ಹೊರಗಿನ ಪುಲ್ಲಿ ಮಾತ್ರ ತಿರುಗುತ್ತದೆ, ಒಳಗಿನ ಶಾಫ್ಟ್ ನಿಂತಿರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಕ್ಲಚ್ ಬಿಡುವ ಹಾಗೆ ಇಸಿಯುನಲ್ಲಿ ಮಾಡಿಕೊಳ್ಳಿ. ಅದನ್ನು ವೈರಿಂಗ್ ಹುಚ್ಚ ಹೇಳುತ್ತಾರೆ.

ಆರು ಸಿಲಿಂಡರ್:

ಇಷ್ಟೆಲ್ಲಾ ಒದ್ದಾಟ ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ. 12 ವೋಲ್ಟಿನ ಎಲೆಕ್ಟ್ರಿಕ್ ಕಂಪ್ರೆಸರ್ ಆನ್‌ಲೈನ್‌ನಲ್ಲಿ ಸಿಗುತ್ತೆ. ಡಿಕ್ಕಿಯಲ್ಲಿ ಬೇಕಾದರೂ ಇಡಬಹುದು. ಬ್ರಾಕೆಟ್ ಬೇಡ, ಬೆಲ್ಟ್ ಬೇಡ, ಪುಲ್ಲಿ ಬೇಡ. 2026ರಲ್ಲೂ ಬೆಲ್ಟ್ ಬೇಕಾ?

ವೈರಿಂಗ್ ಹುಚ್ಚ:

ಲೆಕ್ಕ ಹಾಕಿ ನೋಡಿ ಅಣ್ಣ. ಬಿಸಿಲಲ್ಲಿ ನಿಂತ ಸೆಡಾನನ್ನು ತಣ್ಣಗೆ ಮಾಡಲು ಸುಮಾರು 4 ಕಿಲೋವ್ಯಾಟ್ ಕೂಲಿಂಗ್ ಬೇಕು. ಅದಕ್ಕೆ ಕಂಪ್ರೆಸರ್ ತಗೊಳ್ಳುವ ಶಕ್ತಿ 2 ಕಿಲೋವ್ಯಾಟ್ ಅಂದುಕೊಳ್ಳಿ. 13.5 ವೋಲ್ಟ್‌ನಲ್ಲಿ 2 ಕಿಲೋವ್ಯಾಟ್ ಅಂದರೆ ಹತ್ತಿರ ಹತ್ತಿರ 150 ಆಂಪಿಯರ್. ಹಳೇ ಕಾರಿನ ಆಲ್ಟರ್ನೇಟರ್ ಪೂರ್ತಿ ಕೊಡುವುದೇ 70, 80. ಐಡ್ಲಿಂಗ್‌ನಲ್ಲಿ ಅದೂ ಇಲ್ಲ. ಮೇಲಾಗಿ ಆ ಕರೆಂಟನ್ನೂ ಬೆಲ್ಟೇ ತಿರುಗಿಸಿ ತಯಾರು ಮಾಡಬೇಕು, ಆಲ್ಟರ್ನೇಟರ್ ಅರ್ಧಕ್ಕರ್ಧ ಬಿಸಿಯಾಗಿ ಕಳೆಯುತ್ತದೆ. ಬೆಲ್ಟ್ ನೇರವಾಗಿ ಕೊಡುವುದನ್ನು ಬಳಸಿಕೊಳ್ಳುವುದು ಬಿಟ್ಟು ಸುತ್ತುಬಳಸಿ ತರುವುದು ಯಾಕೆ?

ಅಂಗಡಿಯಲ್ಲಿ ಸಿಗುವ ಚಿಕ್ಕ 12 ವೋಲ್ಟ್ ಕಂಪ್ರೆಸರ್‌ಗಳು ಟ್ರಕ್ ಕ್ಯಾಬಿನ್‌ನಲ್ಲಿ ಮಲಗುವವರಿಗೆ ಸಾಕಾಗುತ್ತವೆ. ಇಡೀ ಕಾರಿಗೆ ಸಾಕಾಗುವುದಿಲ್ಲ. ಹೈಬ್ರಿಡ್ ಕಾರುಗಳಲ್ಲಿ ಎಲೆಕ್ಟ್ರಿಕ್ ಕಂಪ್ರೆಸರ್ ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಅಲ್ಲಿ 200 ವೋಲ್ಟಿನ ಬ್ಯಾಟರಿ ಇದೆ. ಅದಕ್ಕೆ ಹಾಕುವ ಎಣ್ಣೆಯೂ ಬೇರೆ. ಕರೆಂಟ್ ಹರಿಯಬಾರದು ಅಂತ ಎಸ್ಟರ್ ಜಾತಿಯದೇ ಹಾಕಬೇಕು, ಪಿಎಜಿ ಬೆರೆತರೆ ಇನ್ಸುಲೇಶನ್ ಹಾಳು.

ಆರು ಸಿಲಿಂಡರ್:

150 ಆಂಪಿಯರ್ ಅಂದ್ರೆ ವೆಲ್ಡಿಂಗ್ ಮಾಡಬಹುದು. ಸರಿ, ಬಿಟ್ಟೆ. ಆದರೂ ಎಲೆಕ್ಟ್ರಿಕ್ ಕಾರಿಗೆ ಬದಲಾಯಿಸುವವರಿಗೆ ಅದೇ ದಾರಿ ಅಲ್ವಾ?

ವೈರಿಂಗ್ ಹುಚ್ಚ:

ಹೌದು, ಅವರ ಹತ್ತಿರ ದೊಡ್ಡ ಬ್ಯಾಟರಿ ಇರುತ್ತದೆ. ಅದು ಬೇರೆ ಕತೆ.

ನೀಲಿ ಬಾನೆಟ್ ಅವರೇ, ಈಗ ನಿಮ್ಮ ವೈರಿಂಗ್. ಹಳೇ ಕಾರುಗಳಲ್ಲಿ ಎ.ಸಿ. ಸ್ವಿಚ್ ಒತ್ತಿದರೆ ಕರೆಂಟ್ ಸೀದಾ ಕ್ಲಚ್‌ಗೆ ಹೋಗುತ್ತದೆ. ಹೊಸ ಎಂಜಿನ್‌ಗಳಲ್ಲಿ ಸ್ವಿಚ್ ಕೇಳುತ್ತದೆ ಅಷ್ಟೇ, ಕೊಡುವುದು ಇಸಿಯು. ಈ ವ್ಯತ್ಯಾಸ ಹಿಡಿದರೆ ಉಳಿದದ್ದು ಸುಲಭ. ಸ್ವಿಚ್‌ನಿಂದ ಬಂದ ವೈರು ಕೂಲಿಂಗ್ ಕಾಯಿಲ್‌ನ ಥರ್ಮೋಸ್ಟ್ಯಾಟ್ ದಾಟಿ, ಪ್ರೆಶರ್ ಸ್ವಿಚ್ ದಾಟಿ, ಇಸಿಯುನ 'ಎ.ಸಿ. ಬೇಕು' ಪಿನ್ನಿಗೆ ಹೋಗಲಿ. ಆ ಪಿನ್ 12 ವೋಲ್ಟ್ ಕೇಳುತ್ತದೋ, ಅರ್ತ್ ಕೇಳುತ್ತದೋ ಅಂತ ನಿಮ್ಮ ಎಂಜಿನ್ನಿನ ವೈರಿಂಗ್ ನಕ್ಷೆಯಲ್ಲಿ ನೋಡಿ. ಕೇಳಿದ ತಕ್ಷಣ ಇಸಿಯು ಮೊದಲು ಐಡ್ಲಿಂಗ್ ಸ್ವಲ್ಪ ಏರಿಸುತ್ತದೆ, ಆಮೇಲೆ ರಿಲೇ ಎಳೆಯುತ್ತದೆ. ಹಾಗಾಗಿ ಎಂಜಿನ್ ಗಕ್ಕನೆ ಕುಗ್ಗುವುದಿಲ್ಲ. ನೀವು ಸ್ವಿಚ್‌ನಿಂದ ಸೀದಾ ಕ್ಲಚ್‌ಗೆ ಕೊಟ್ಟರೆ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಗಾಡಿ ಆಫ್ ಆಗೋ ಹಾಗೆ ಕುಗ್ಗುತ್ತದೆ. ಆಮೇಲೆ ಜನ ಥ್ರಾಟಲ್ ಬಾಡಿ ಬಿಚ್ಚಿ ತೊಳೆಯುತ್ತಾ ಕೂರುತ್ತಾರೆ.

ಕ್ಲಚ್ ಕಾಯಿಲ್ ಸುಮಾರು 4 ಆಂಪಿಯರ್ ಎಳೆಯುತ್ತದೆ. ಇಸಿಯು ಪಿನ್ನಿಗೆ ಅದು ತಡೆಯುವುದಿಲ್ಲ, ನಡುವೆ ರಿಲೇ ಬೇಕೇ ಬೇಕು. 10 ಆಂಪಿಯರ್ ಫ್ಯೂಸ್ ಹಾಕಿ. ಕ್ಲಚ್ ವೈರಿಗೆ ಅಡ್ಡಲಾಗಿ ಒಂದು ಡಯೋಡ್ ಇರಲಿ, ಬೆಳ್ಳಿ ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ಕ್ಲಚ್ ಆಫ್ ಆದಾಗ ಕಾಯಿಲ್ ಹಿಂದಕ್ಕೆ ಉಗುಳುವ ಹೈ ವೋಲ್ಟೇಜ್ ರಿಲೇ ಪಾಯಿಂಟ್‌ಗಳನ್ನು ಸುಡುತ್ತದೆ, ಡಯೋಡ್ ಅದನ್ನು ನುಂಗುತ್ತದೆ. ಕೆಲವು ಕಂಪ್ರೆಸರ್‌ಗಳಲ್ಲಿ ಇದು ಒಳಗೇ ಇರುತ್ತದೆ.

ಪ್ರೆಶರ್ ಸ್ವಿಚ್ ತಪ್ಪಿಸಬೇಡಿ. ಮೂರು ಕೆಲಸದ ಸ್ವಿಚ್ ಸಿಗುತ್ತದೆ, ಟ್ರೈನರಿ ಅನ್ನುತ್ತಾರೆ. 2 ಬಾರ್‌ಗಿಂತ ಕೆಳಗೆ ಇಳಿದರೆ ಗ್ಯಾಸ್ ಇಲ್ಲ ಅಂತ ಕ್ಲಚ್ ಬಿಡಿಸುತ್ತದೆ. 15 ಬಾರ್ ಸುಮಾರಿಗೆ ಫ್ಯಾನ್ ಹಾಕುತ್ತದೆ. 26, 27 ಬಾರ್ ದಾಟಿದರೆ ಮತ್ತೆ ಕ್ಲಚ್ ಬಿಡಿಸುತ್ತದೆ. ಇಸಿಯುನಲ್ಲಿ ಸೆಟ್ಟಿಂಗ್ ಬದಲಾಯಿಸಲು ಆಗುವುದಾದರೆ ಎರಡು ಸೇರಿಸಿ: ಪೂರ್ತಿ ಆಕ್ಸಿಲರೇಟರ್ ತುಳಿದಾಗ ಕ್ಲಚ್ ಬಿಡಬೇಕು, 5500 ಆರ್‌ಪಿಎಂ ಮೇಲೆ ಬಿಡಬೇಕು. ತಿರುಗಿ ಹಿಡಿಯುವುದು 4000ದ ಕೆಳಗೆ ಬಂದ ಮೇಲೆ. ಜೋರಾಗಿ ತಿರುಗುವಾಗ ಕ್ಲಚ್ ಹಿಡಿದರೆ ಅದರ ಮುಖವೇ ಸುಟ್ಟು ಹೋಗುತ್ತದೆ.

ಒಂದು ಮುಖ್ಯ ವಿಷಯ. ಎಂಜಿನ್ ಜೊತೆ ಬಂದ ನಿಮ್ಮ ಕಂಪ್ರೆಸರ್‌ಗೆ ಕ್ಲಚ್ ಇದೆಯಾ? ಹೊಸ ಕಾರುಗಳಲ್ಲಿ ಕ್ಲಚ್ಚೇ ಇಲ್ಲದ ಕಂಪ್ರೆಸರ್ ಬರುತ್ತವೆ. ಶಾಫ್ಟ್ ಯಾವಾಗಲೂ ತಿರುಗುತ್ತಿರುತ್ತದೆ. ಒಳಗಿನ ತಟ್ಟೆಯ ಓರೆ ಬದಲಾಯಿಸಿ ಎಷ್ಟು ತಳ್ಳಬೇಕು ಅಂತ ಒಂದು ಸೊಲೆನಾಯ್ಡ್ ವಾಲ್ವ್ ಹೇಳುತ್ತದೆ. ಆ ವಾಲ್ವ್‌ಗೆ 12 ವೋಲ್ಟ್ ಸೀದಾ ಕೊಡುವಂತಿಲ್ಲ, ಪಲ್ಸ್ ಸಿಗ್ನಲ್ ಬೇಕು. ಆ ಸಿಗ್ನಲ್ ಕೊಡುವ ಬಾಕ್ಸ್ ಮೂಲ ಕಾರಿನ ಡ್ಯಾಶ್‌ಬೋರ್ಡ್‌ನಲ್ಲೇ ಉಳಿದಿರುತ್ತದೆ. ಅಂಥದ್ದಾದರೆ ಬಿಟ್ಟು ಕ್ಲಚ್ ಇರುವ ಕಂಪ್ರೆಸರ್ ಹಾಕುವುದೇ ಜಾಣತನ.

ಅಂದಹಾಗೆ, ಕಾರಿನಲ್ಲಿ ಕಂಪನಿಯೇ ಎ.ಸಿ. ಕೊಟ್ಟದ್ದು 1940ರ ಪ್ಯಾಕಾರ್ಡ್‌ನಲ್ಲಿ. ಅದಕ್ಕೂ ಕ್ಲಚ್ ಇರಲಿಲ್ಲ. ಎ.ಸಿ. ಬೇಡ ಅಂದರೆ ಎಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು, ಬೆಲ್ಟ್ ಬಿಚ್ಚಿಡಬೇಕಿತ್ತು. ನಮ್ಮ ಕಷ್ಟ ಎಷ್ಟೋ ವಾಸಿ.

ಸ್ಪ್ಯಾನರ್ ಸೆಟ್:

ಪೈಪ್ ಬಗ್ಗೆ ನಾನು ಹೇಳುತ್ತೇನೆ, ಅದನ್ನು ಯಾರೂ ಬಿಡಿಸಿ ಹೇಳಿಲ್ಲ.

ಹೋಸ್ ಅಳತೆ ನಂಬರಿನಲ್ಲಿ ಬರುತ್ತದೆ. ಕಂಡೆನ್ಸರ್‌ನಿಂದ ಡ್ರೈಯರ್ ಮೂಲಕ ವಾಲ್ವ್‌ಗೆ ಹೋಗುವ ಲಿಕ್ವಿಡ್ ಲೈನ್ 6 ನಂಬರ್, ಒಳ ವ್ಯಾಸ ಸುಮಾರು 8 ಮಿಲಿಮೀಟರ್. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ 8 ನಂಬರ್. ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಬರುವ ದಪ್ಪ ಪೈಪ್ 10 ನಂಬರ್, 13 ಮಿಲಿಮೀಟರ್. ವಾಪಸ್ ಪೈಪನ್ನು ಚಿಕ್ಕದು ಮಾಡಿದರೆ ಕೂಲಿಂಗ್ ಕಡಿಮೆಯಾಗುತ್ತದೆ.

ಒಂದು ತುದಿ ಕಂಪ್ರೆಸರ್‌ದು, ಇನ್ನೊಂದು ತುದಿ ಕಾರಿನದು. ಎರಡೂ ಕಡೆಯ ಹಳೇ ಪೈಪ್‌ಗಳನ್ನು ಎಸೆಯಬೇಡಿ. ಲೋಹದ ತುದಿ ಕತ್ತರಿಸಿ ಇಟ್ಟುಕೊಂಡು, ಅಲ್ಯೂಮಿನಿಯಮ್ ಟಿಗ್ ವೆಲ್ಡಿಂಗ್ ಮಾಡುವವರ ಹತ್ತಿರ ಹೊಸ ಹೋಸ್ ಹಿಡಿಯುವ ತುದಿ ಬೆಸೆಸಬಹುದು. ಕ್ರಿಂಪ್ ಮಾಡುವಾಗ, ಅಂದರೆ ತುದಿಯನ್ನು ಒತ್ತಿ ಬಿಗಿಯುವಾಗ, ಬ್ಯಾರಿಯರ್ ಹೋಸ್‌ಗೆ ಅಂತಲೇ ಇರುವ ಫೆರೂಲ್ (ಲೋಹದ ಉಂಗುರ) ಮತ್ತು ಡೈ ಬೇಕು. ನೀರಿನ ಪೈಪಿಗೆ ಹಾಕುವ ಸ್ಕ್ರೂ ಕ್ಲಿಪ್ ಇದಕ್ಕೆ ನಡೆಯುವುದಿಲ್ಲ, ದಯವಿಟ್ಟು ಬೇಡ.

ಎಲ್ಲ ತುದಿಗಳನ್ನೂ ಗಾಡಿಯಲ್ಲೇ ಕೂರಿಸಿ, ಹೋಸ್ ಹೇಗೆ ಮಲಗಬೇಕೋ ಹಾಗೆ ಮಲಗಿಸಿ. ಈಗ ಬಿಳಿ ಪೇಂಟ್ ಪೆನ್ನಿನಲ್ಲಿ ಲೋಹದ ತುದಿಯ ಮೇಲಿನಿಂದ ಹೋಸ್ ಮೇಲಕ್ಕೆ ಒಂದೇ ಗೆರೆ ಎಳೆಯಿರಿ. ಎರಡು ತುದಿಯಲ್ಲೂ. ಆಮೇಲೆ ಬಿಚ್ಚಿ, ಗೆರೆಗೆ ಗೆರೆ ಕೂಡಿಸಿ ಕ್ರಿಂಪ್ ಮಾಡಿಸಿ. ಮೊಣಕೈ ತುದಿ ಇದ್ದರಂತೂ ಗೆರೆ ಇಲ್ಲದೆ ಆಗುವುದೇ ಇಲ್ಲ. ಹತ್ತು ಡಿಗ್ರಿ ತಪ್ಪಿದರೂ ಹೋಸ್ ತಿರುಚಿಕೊಂಡು ನಟ್ಟನ್ನು ಸದಾ ಸಡಿಲ ಮಾಡಲು ನೋಡುತ್ತಿರುತ್ತದೆ. ಜೊತೆಗೆ ಎಂಜಿನ್ ಮೌಂಟ್ ಮೇಲೆ ಎಂಜಿನ್ ಅಲುಗಾಡುತ್ತದೆ, ಕಾರಿನ ಬಾಡಿ ಅಲುಗುವುದಿಲ್ಲ. ಅದಕ್ಕೇ ಕಂಪ್ರೆಸರ್‌ನ ಎರಡೂ ಪೈಪ್‌ಗಳಲ್ಲಿ ಮೆತ್ತನೆ ಭಾಗ ಇರಬೇಕು, ಸ್ವಲ್ಪ ಸಡಿಲ ಬಿಟ್ಟಿರಬೇಕು. ಬರೀ ಲೋಹದ ಪೈಪ್ ಹಾಕಿದರೆ ಸೀಳುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ ಇರಲಿ. ದೂರ ಇಡಲು ಆಗದಿದ್ದರೆ ನಡುವೆ ತಗಡಿನ ಮರೆ ಕೊಡಿ.

ನೀಲಿ ಬಾನೆಟ್:

ಕ್ಲಚ್ ಇಲ್ಲದ ಕಂಪ್ರೆಸರ್ ಅಂತ ಈಗಷ್ಟೇ ಹೋಗಿ ನೋಡಿದೆ. ಹೌದು, ಎರಡು ಪಿನ್ನಿನ ಚಿಕ್ಕ ಸಾಕೆಟ್ ಮಾತ್ರ ಇದೆ, ಮುಂದೆ ಕ್ಲಚ್ ತಟ್ಟೆ ಇಲ್ಲ. ಹಾಗಾಗಿ 7ಎಚ್15ಗೇ ಹೋಗುತ್ತೇನೆ. ಎಡಕ್ಕೆ, ಆಲ್ಟರ್ನೇಟರ್ ಮೇಲೆ ಜಾಗ ಇದೆ. ಗ್ಯಾಸ್ ಮತ್ತು ಎಣ್ಣೆ ಲೆಕ್ಕ ಹೇಳಿ ಸರ್.

ತಣ್ಣನೆ ಗಾಳಿ:

ಹೊಸ ಕಂಪ್ರೆಸರ್‌ನಲ್ಲಿ ಎಣ್ಣೆ ತುಂಬಿಸಿಯೇ ಬರುತ್ತದೆ. ಅದನ್ನು ಅಳತೆಯ ಪಾತ್ರೆಗೆ ಬಗ್ಗಿಸಿ ಎಷ್ಟಿದೆ ನೋಡಿ, ಕಾಗದದಲ್ಲಿ ಬರೆದಷ್ಟು ಇದೆಯಾ ಖಾತ್ರಿ ಮಾಡಿಕೊಂಡು ವಾಪಸ್ ಹಾಕಿ. ಹೋಸ್, ಕಂಡೆನ್ಸರ್ ಎಲ್ಲ ಹೊಸದು, ಒಣಗಿವೆ, ಸ್ವಲ್ಪ ಎಣ್ಣೆ ಅವಕ್ಕೂ ಸೇರಬೇಕು. ಹಾಗಂತ ಸುರಿಯಬೇಡಿ. ಎಣ್ಣೆ ಜಾಸ್ತಿಯಾದರೆ ಕಾಯಿಲ್ ಒಳಗೋಡೆಗೆ ಮೆತ್ತಿಕೊಂಡು ಕೂಲಿಂಗ್ ತಗ್ಗುತ್ತದೆ. ಬಾಟಲಿ ಮುಚ್ಚಳ ತಕ್ಷಣ ಹಾಕಿ, ಪಿಎಜಿ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಮೊದಲ ಸಲ ಎಂಜಿನ್ ಹಾಕುವ ಮುಂಚೆ ಕ್ಲಚ್ ತಟ್ಟೆ ಹಿಡಿದು ಕಂಪ್ರೆಸರನ್ನು ಹತ್ತು ಸುತ್ತು ಕೈಯಲ್ಲಿ ತಿರುಗಿಸಿ. ಸಿಲಿಂಡರ್‌ನಲ್ಲಿ ನಿಂತ ಎಣ್ಣೆ ಸರಿಯುತ್ತದೆ. ಇಲ್ಲದಿದ್ದರೆ ಪಿಸ್ಟನ್ ಎಣ್ಣೆಯನ್ನು ಗುದ್ದಿ ವಾಲ್ವ್ ಮುರಿಯುತ್ತದೆ.

ಕಾರಿನ ಹಳೇ ಕಾಯಿಲ್ ಮಾತ್ರ ಉಳಿಸಿಕೊಂಡಿದ್ದೀರಿ. ವಾಲ್ವ್ ಬಿಚ್ಚಿ, ಅದನ್ನೂ ಹೊಸದೇ ಹಾಕಿ. ಕಾಯಿಲ್‌ಗೆ ಫ್ಲಶ್ ದ್ರವ ಹಾಕಿ ಒಣ ನೈಟ್ರೋಜನ್‌ನಲ್ಲಿ ಊದಿ. ಬಂದ ದ್ರವ ಬಿಳಿ ಬಟ್ಟೆ ಮೇಲೆ ಬಿಡಿ. ಹಳದಿ ಕಲೆ ನಿಲ್ಲುವ ತನಕ ಮಾಡಿ.

ಜೋಡಿಸಿದ ಮೇಲೆ ಸೋರಿಕೆ ನೋಡುವುದು ನೈಟ್ರೋಜನ್‌ನಲ್ಲಿ, ರೆಗ್ಯುಲೇಟರ್ ಹಾಕಿ 10 ಬಾರ್, ಎಲ್ಲ ಜೋಡಣೆಗೂ ಸೋಪಿನ ನೀರು. ಟೈರ್ ಅಂಗಡಿಯ ಗಾಳಿ ಹಿಡಿಯಬೇಡಿ. ಅದರಲ್ಲಿ ತೇವ ಇರುತ್ತದೆ, ಮೇಲಾಗಿ ಉಳಿದ 134ಎ ಜೊತೆ ಒತ್ತಡದಲ್ಲಿ ಬೆರೆತ ಗಾಳಿ ಹೊತ್ತಿಕೊಳ್ಳಬಹುದು. ಆಕ್ಸಿಜನ್ ಅಂತೂ ಕನಸಲ್ಲೂ ಬೇಡ.

ಆಮೇಲೆ ವ್ಯಾಕ್ಯೂಮ್. ಗಾಳಿ ತೆಗೆಯುವುದಷ್ಟೇ ಅಲ್ಲ, ನೀರು ತೆಗೆಯುವುದು ಇದರ ಮುಖ್ಯ ಕೆಲಸ. ಒತ್ತಡ 25 ಮಿಲಿಬಾರ್‌ಗೆ ಇಳಿದರೆ ನೀರು ಸುಮಾರು 21 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಅದಕ್ಕಿಂತ ಕೆಳಗೆ ಇಳಿಸಿ, ಮುಕ್ಕಾಲು ಗಂಟೆಯಾದರೂ ಓಡಿಸಿ, ವಾಲ್ವ್ ಮುಚ್ಚಿ ಅರ್ಧ ಗಂಟೆ ಮುಳ್ಳು ಕದಲುತ್ತದೋ ನೋಡಿ.

ಗ್ಯಾಸ್ ತೂಕ. ಸ್ಟಿಕ್ಕರ್‌ನಲ್ಲಿರುವ 800 ಗ್ರಾಂ ಮರೆತುಬಿಡಿ. ಆರ್-12 ಗಾಡಿಗೆ 134ಎ ತುಂಬುವಾಗ 80ರಿಂದ 90 ಶೇಕಡಾ ಅನ್ನೋ ಲೆಕ್ಕ ಇದೆ. ಆದರೆ ನಿಮ್ಮದರಲ್ಲಿ ಕಂಡೆನ್ಸರ್, ಹೋಸ್ ಎಲ್ಲ ಬದಲಾಗಿದೆ. ಪ್ಯಾರಲಲ್ ಫ್ಲೋ ಕಂಡೆನ್ಸರ್ ಒಳಗೆ ಹಿಡಿಯುವುದೇ ಕಡಿಮೆ. 450 ಗ್ರಾಂನಿಂದ ಶುರು ಮಾಡಿ, ತಕ್ಕಡಿ ಮೇಲೆ ಡಬ್ಬಿ ಇಟ್ಟು, 30 ಗ್ರಾಂ 30 ಗ್ರಾಂ ಸೇರಿಸುತ್ತಾ ಗೇಜ್ ಜೊತೆಗೆ ಥರ್ಮಾಮೀಟರ್ ಬಳಸಿ. ಹೈ ಸೈಡ್ (ಕಂಪ್ರೆಸರ್ ಒತ್ತಿ ಹೊರಹಾಕುವ ಕಡೆ) ಗೇಜ್ 14 ಬಾರ್ ತೋರಿಸಿದರೆ 134ಎ ಗ್ಯಾಸ್ ದ್ರವವಾಗುವುದು 55 ಡಿಗ್ರಿಯಲ್ಲಿ. ಆಗ ಕಂಡೆನ್ಸರ್‌ನಿಂದ ಹೊರಬರುವ ಪೈಪ್ 48 ಡಿಗ್ರಿ ಇದ್ದರೆ ಅದು 7 ಡಿಗ್ರಿ ಜಾಸ್ತಿ ತಣ್ಣಗಾಗಿದೆ, ಅಂದರೆ ಪೂರ್ತಿ ದ್ರವವಾಗಿ ಬರುತ್ತಿದೆ. 5ರಿಂದ 8 ಡಿಗ್ರಿ ಸಿಕ್ಕಾಗ ನಿಲ್ಲಿಸಿ. ಲೋ ಸೈಡ್ (ಕಂಪ್ರೆಸರ್ ಹೀರುವ ಕಡೆ) 2 ಬಾರ್ ಅಂದರೆ ಕಾಯಿಲ್ ಒಳಗೆ ಸುಮಾರು 0 ಡಿಗ್ರಿ. ಅದಕ್ಕಿಂತ ತುಂಬಾ ಕೆಳಗೆ ಹೋದರೆ ಕಾಯಿಲ್ ಮೇಲೆ ಮಂಜು ಕಟ್ಟಿ ಗಾಳಿಯೇ ಬರುವುದಿಲ್ಲ, ಅದಕ್ಕೇ ಥರ್ಮೋಸ್ಟ್ಯಾಟ್ ಇರೋದು.

ಹೊಸಬ:

ಸರ್, ಯಾರೋ ಎಲ್‌ಪಿಜಿ ತರಹದ ಗ್ಯಾಸ್ ಹಾಕಿದರೆ ಅಗ್ಗ, ಕೂಲಿಂಗೂ ಜಾಸ್ತಿ ಅಂದರು. ನಿಜಾನಾ?

ತಣ್ಣನೆ ಗಾಳಿ:

ಪ್ರೊಪೇನ್, ಐಸೋಬ್ಯೂಟೇನ್ ಮಿಶ್ರಣ. ಕೂಲಿಂಗ್ ಆಗುತ್ತದೆ, ಸುಳ್ಳಲ್ಲ. ಮನೆಯ ಫ್ರಿಜ್‌ನಲ್ಲಿ ಐಸೋಬ್ಯೂಟೇನ್ ಇರುತ್ತದೆ ಕೂಡ, ಆದರೆ ತೀರಾ ಸ್ವಲ್ಪ, ಮುಚ್ಚಿದ ಕೊಳವೆಯಲ್ಲಿ. ಕಾರಿನ ಕಾಯಿಲ್ ಇರುವುದು ನಿಮ್ಮ ಮೊಣಕಾಲ ಮುಂದೆ. ಸೋರಿದರೆ ಗ್ಯಾಸ್ ಬರುವುದು ಕ್ಯಾಬಿನ್ ಒಳಗೆ. ನಾನು ಹಾಕುವುದಿಲ್ಲ.

ನೀಲಿ ಬಾನೆಟ್:

ಅಪ್‌ಡೇಟ್. ಬ್ರಾಕೆಟ್ ಆಯ್ತು, ಹೋಸ್ ಆಯ್ತು, ಗ್ಯಾಸ್ 560 ಗ್ರಾಂ ಹಿಡಿಯಿತು. ಐಡ್ಲಿಂಗ್ ಕುಗ್ಗುತ್ತಿಲ್ಲ, ವೈರಿಂಗ್ ಹುಚ್ಚ ಅವರಿಗೆ ಥ್ಯಾಂಕ್ಸ್. ಓಡುವಾಗ ವೆಂಟ್‌ನಲ್ಲಿ 7 ಡಿಗ್ರಿ ಬರುತ್ತಿದೆ. ಹೊರಗೆ 36 ಇತ್ತು. ಆದರೆ ನಿಂತುಕೊಂಡರೆ ನಿಧಾನಕ್ಕೆ ಬೆಚ್ಚಗಾಗುತ್ತದೆ, 18ರ ತನಕ ಹೋಗುತ್ತದೆ. ಹೈ ಸೈಡ್ 24 ಬಾರ್ ಮುಟ್ಟುತ್ತದೆ, ಎಂಜಿನ್ ಟೆಂಪರೇಚರ್ ಕೂಡ ಸ್ವಲ್ಪ ಏರುತ್ತದೆ. ಗ್ಯಾಸ್ ಜಾಸ್ತಿಯಾಯ್ತಾ?

ತಣ್ಣನೆ ಗಾಳಿ:

ಓಡುವಾಗ ಹೈ ಸೈಡ್ ಎಷ್ಟು? 15ರ ಹತ್ತಿರ ಇದ್ದರೆ ಗ್ಯಾಸ್ ಸರಿಯಾಗಿದೆ. 24 ಬಾರ್ ಅಂದರೆ ಕಂಡೆನ್ಸರ್ 77, 78 ಡಿಗ್ರಿಯಲ್ಲಿ ಕೂತಿದೆ. ನಿಂತಾಗ ಗಾಡಿಯನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ಕಂಡೆನ್ಸರ್ ಮೇಲೆ ಪೈಪಿನಿಂದ ನೀರು ಚಿಮುಕಿಸಿ. ಒತ್ತಡ ಸರ್ರನೆ ಇಳಿದರೆ ತೊಂದರೆ ಗ್ಯಾಸ್‌ದಲ್ಲ, ಗಾಳಿಯದು.

ನೀಲಿ ಬಾನೆಟ್:

ನೀರು ಹಾಕಿದ ತಕ್ಷಣ 24ರಿಂದ 13ಕ್ಕೆ ಇಳಿಯಿತು. ವೆಂಟ್ ಮತ್ತೆ 8. ಫ್ಯಾನ್ ತಿರುಗುತ್ತಿದೆ, ಗಾಳಿಯೂ ಬರುತ್ತಿದೆ.

ಬೆಲ್ಟು ಪುಲ್ಲಿ:

ಎಲ್ಲಿಂದ ಬರುತ್ತಿದೆ ಅನ್ನೋದು ಪ್ರಶ್ನೆ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಎಷ್ಟು ಸಂದಿ? ಫ್ಯಾನ್‌ಗೆ ಸುತ್ತ ಕವಚ ಇದೆಯಾ?

ನೀಲಿ ಬಾನೆಟ್:

ಸಂದಿ ಸುಮಾರು 35 ಮಿಲಿಮೀಟರ್. ಹೊಸ ರೇಡಿಯೇಟರ್ ದಪ್ಪ, ಹಿಂದಕ್ಕೆ ಕೂತಿದೆ. ಫ್ಯಾನ್ ಕವಚ ಇಲ್ಲ, ರೇಡಿಯೇಟರ್‌ಗೇ ಟೈ ಹಾಕಿ ಕಟ್ಟಿದ್ದು.

ಬೆಲ್ಟು ಪುಲ್ಲಿ:

ಸಿಕ್ಕಿತಲ್ಲ. ಗಾಳಿಗೆ ಸುಲಭದ ದಾರಿ ಬೇಕು. ಫ್ಯಾನ್ ಎಳೆಯುವುದು ಆ ಪಕ್ಕದ ಸಂದಿಯಿಂದ, ಅದೂ ಎಂಜಿನ್ ಕಡೆಯಿಂದ ತಿರುಗಿ ಬಂದ ಬಿಸಿ ಗಾಳಿ. ಕಂಡೆನ್ಸರ್ ಮೂಲಕ ಬರುವುದು ಸ್ವಲ್ಪವೇ. ಓಡುವಾಗ ಎದುರುಗಾಳಿ ತಳ್ಳುವುದರಿಂದ ಗೊತ್ತಾಗುತ್ತಿಲ್ಲ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ನಾಲ್ಕೂ ಅಂಚಿಗೆ ದಪ್ಪ ಫೋಮ್ ಪಟ್ಟಿ ಕೊಡಿ. ಫ್ಯಾನ್‌ಗೆ ರೇಡಿಯೇಟರ್ ಪೂರ್ತಿ ಮುಚ್ಚುವ ಅಲ್ಯೂಮಿನಿಯಮ್ ಕವಚ ಮಾಡಿಸಿ. ಈಗ ಫ್ಯಾನ್ ತನ್ನ ಎದುರಿನ ದುಂಡಗಿನ ಜಾಗದಿಂದ ಮಾತ್ರ ಎಳೆಯುತ್ತಿದೆ, ನಾಲ್ಕೂ ಮೂಲೆ ಸುಮ್ಮನೆ ಕೂತಿವೆ.

ನೀಲಿ ಬಾನೆಟ್:

ಎರಡೂ ಮಾಡಿಸಿದೆ. ನಿಂತಾಗ ಹೈ ಸೈಡ್ 17, ವೆಂಟ್ 10 ಡಿಗ್ರಿ, ಹೊರಗೆ 37. ಎಂಜಿನ್ ಟೆಂಪರೇಚರ್ ಕೂಡ ನಿಂತಲ್ಲೇ ನಿಂತಿದೆ. ಎಲ್ಲರಿಗೂ ಧನ್ಯವಾದ.

ಹೊಸಬ:

ಅಣ್ಣಂದಿರಾ, ನನ್ನದು ಎಂಜಿನ್ ಇನ್ನೂ ಕೂರಿಸಿಲ್ಲ. ಮುಂದಿನ ವಾರ ಮೌಂಟ್ ವೆಲ್ಡಿಂಗ್. ಎ.ಸಿ. ಆಮೇಲೆ ನೋಡೋಣ ಅಂದುಕೊಂಡಿದ್ದೆ.

ಸ್ಪ್ಯಾನರ್ ಸೆಟ್:

ವೆಲ್ಡಿಂಗ್ ನಿಲ್ಲಿಸಪ್ಪ ಮೊದಲು. ಕಂಪ್ರೆಸರ್ ಎಂಜಿನ್ನಿಗೆ ಹಾಕಿ, ಬೆಲ್ಟ್ ಸಮೇತ, ಆಮೇಲೆ ಎಂಜಿನ್ ಕಾರಿನಲ್ಲಿ ತೂಗುಹಾಕಿ ನೋಡು. ಮೌಂಟ್ 15 ಮಿಲಿಮೀಟರ್ ಮೇಲಕ್ಕೋ ಪಕ್ಕಕ್ಕೋ ಸರಿಸುವುದು ಇವತ್ತು ಪುಕ್ಕಟೆ. ಟ್ಯಾಕ್ (ತಾತ್ಕಾಲಿಕ ಚುಕ್ಕಿ ವೆಲ್ಡ್) ಹಾಕುವ ಮುಂಚೆಯೇ ಕಂಪ್ರೆಸರ್ ಹಿಂದೆ ಪೈಪ್ ನಟ್ಟಿಗೆ ಸ್ಪ್ಯಾನರ್ ಹೋಗುತ್ತಾ ನೋಡು, ಕಂಡೆನ್ಸರ್ ಮತ್ತು ಕವಚ ಇರುವ ಫ್ಯಾನ್ ಎಂಜಿನ್ ಮುಂದೆ ಹಿಡಿಯುತ್ತಾ ನೋಡು. ನಿನ್ನ ಸ್ಟೀರಿಂಗ್ ಬಾಕ್ಸ್ ಯಾವ ಕಡೆ ಇದೆ? ಫೋಟೋ ಹಾಕು.